ಕುಂಬಳಕಾಯಿ ಕಳ್ಳ ಯಾರು?

"ತಪ್ಪು ಮಾಡಿಲ್ಲ ಅಂದ್ಮೇಲೆ ಫೋನ್ ತೋರ್ಸೋಕೆ ಭಯ ಯಾಕೆ?"

ಈ ಮಾತನ್ನು ನಾವೆಲ್ಲ ಕೇಳಿದವರೇ. ಹೈಸ್ಕೂಲಿನ ವರಾಂಡದಲ್ಲಿ, ಹಾಸ್ಟೆಲಿನ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನ ಕತ್ತಲಲ್ಲಿ ಕೇಳಿದ್ದೇವೆ. ಕೇಳುವವರಿಗೆ ಇದಕ್ಕೆ ಉತ್ತರ ಬೇಕಾಗಿರುವುದಿಲ್ಲ. ಹುಡುಗ ಫೋನು ಕೊಟ್ಟರೆ ಅದರೊಳಗೆ ಏನಾದರೂ ಒಂದು ಸಿಕ್ಕೇ ಸಿಗುತ್ತದೆ. ಕೊಡದೆ ಹಿಂದೆಮುಂದೆ ನೋಡಿದರೆ ಆ ಹಿಂದೆಮುಂದೆ ನೋಡಿದ್ದೇ ಸಾಕ್ಷಿ. ಪಕ್ಕದಲ್ಲಿ ನಿಂತ ಯಾರೋ ಒಬ್ಬರು ಗಾದೆಯನ್ನೂ ಹೇಳಿಬಿಡುತ್ತಾರೆ: ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಈ ಗಾದೆ ಕಟ್ಟಿದವನು ತೋಟದ ಯಜಮಾನನೇ ಇರಬೇಕು, ಕಾಯಿ ಹೊತ್ತವನು ಇರಲಾರ. ಬೂದುಗುಂಬಳವನ್ನು ಹೆಗಲ ಮೇಲಿಟ್ಟುಕೊಂಡರೆ ಬಿಳಿ ಬೂದಿ ಅಂಟುತ್ತದೆ. ಕದ್ದು ಹೊತ್ತರೂ ಅಂಟುತ್ತದೆ, ಧಣಿಯ ತೋಟದಿಂದ ಸಂತೆಗೆ ಕೂಲಿಗಾಗಿ ಹೊತ್ತರೂ ಅಂಟುತ್ತದೆ. ನಮ್ಮ ಅಪ್ಪಂದಿರ ಹೆಗಲ ಮೇಲೆ ಆ ಬೂದಿ ತಲೆತಲಾಂತರದಿಂದ ಇದೆ. ಊರಲ್ಲಿ ಯಾರಾದರೂ ಕಳ್ಳ ಅಂತ ಕೂಗಿದರೆ ಕೇರಿಯವನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ. ಕದ್ದಿದ್ದಾನೆಂದು ಮುಟ್ಟಿಕೊಳ್ಳುವುದಿಲ್ಲ. ಬೂದಿ ಕಂಡವರು ಮುಂದಿನ ಮಾತು ಕೇಳುವುದಿಲ್ಲ ಅನ್ನುವುದು ಅವನಿಗೆ ಗೊತ್ತಿದೆ, ಅದಕ್ಕೇ ಮುಟ್ಟಿಕೊಳ್ಳುತ್ತಾನೆ.

ಶಾಲೆಗೆ ಪೊಲೀಸು ಬಂದು ಹುಡುಗನ ಕಿಸೆಯಿಂದ ಫೋನು ತೆಗೆಸುವ ವಿಚಾರವನ್ನು ನಾವು ಈ ಹೆಗಲಿನ ಕಡೆಯಿಂದ ನೋಡಬೇಕಾಗಿದೆ.

*

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಒಂದು ಸರ್ಕಾರಿ ಹೈಸ್ಕೂಲನ್ನು ಕಣ್ಣಮುಂದೆ ತಂದುಕೊಳ್ಳಿ. ಜಿಲ್ಲೆಗೆ ಈಗ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು 2025ರ ಮೇ ತಿಂಗಳಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಹೆಸರಿನಲ್ಲಿ ಬೆಂಗಳೂರು ಬಂತು, ಹೈಸ್ಕೂಲಿನ ಕಾಂಪೌಂಡು ಇದ್ದಂಗೇ ಇದೆ. ಆ ಕಾಂಪೌಂಡಿನೊಳಗೆ ಒಂದು ದಿನ ಏನೋ ಕಳವಾಯಿತು, ಇಲ್ಲವೇ ಎರಡು ಗುಂಪಿನ ಹುಡುಗರು ಹೊಡೆದಾಡಿಕೊಂಡರು, ಇಲ್ಲವೇ ಗಾಂಜಾ ಮಾತು ಎದ್ದಿತು ಅಂತಿಟ್ಟುಕೊಳ್ಳಿ. ಹೆಡ್‌ಮಾಸ್ತರು ಸ್ಟೇಷನ್ನಿಗೆ ಫೋನು ಮಾಡಿದರು. ಇಬ್ಬರು ಪೇದೆಗಳು ಬಂದರು.

"ಏ, ಫೋನ್ ತೆಗಿಯೋ. ಲಾಕ್ ಬಿಚ್ಚೋ."

"ಸಾ, ನಮ್ಮಪ್ಪಂದು ಸಾ."

ಈ ಎರಡನೇ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಆದರೆ ಇಡೀ ವಿಷಯ ಇರುವುದು ಅದರಲ್ಲೇ. ಉಳ್ಳವರ ಮನೆಯಲ್ಲಿ ತಲೆಗೊಂದು ಫೋನು. ನಮ್ಮಲ್ಲಿ ಮನೆಗೊಂದು. 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಪಾಠವೆಲ್ಲ ಫೋನಿಗೆ ಹೋಯಿತು. ವಿದ್ಯಾಗಮ ಅಂತ ಮೇಷ್ಟ್ರುಗಳು ಮರದ ಕೆಳಗೆ, ಗುಡಿಯ ಜಗುಲಿಯ ಮೇಲೆ ಪಾಠ ಶುರುಮಾಡಿದರು, ಅದೂ ಅಕ್ಟೋಬರಿನಲ್ಲಿ ನಿಂತುಹೋಯಿತು. ಆಗ ಎಷ್ಟೋ ತಾಯಂದಿರು ಓಲೆ ಅಡವಿಟ್ಟು, ಸಂಘದಲ್ಲಿ ಸಾಲ ಎತ್ತಿ ಫೋನು ಕೊಡಿಸಿದರು. ಫೋನಿಲ್ಲದವನಿಗೆ ಪಾಠವಿಲ್ಲ ಅಂದದ್ದು ಇದೇ ವ್ಯವಸ್ಥೆ. ಈಗ ಫೋನಿರುವವನು ಪುಂಡ ಅನ್ನುತ್ತಿರುವುದೂ ಇದೇ ವ್ಯವಸ್ಥೆ.

ಆ ಒಂದು ಫೋನಿನಲ್ಲಿ ಏನೇನಿದೆ? ರೇಷ್ಮೆ ಗೂಡು ಮಾರಿದ ದುಡ್ಡು ಬ್ಯಾಂಕಿಗೆ ಬಿದ್ದ ಮೆಸೇಜು ಇದೆ. ಅವ್ವನ ಸಂಘದ ಕಂತು ಎಷ್ಟು ಬಾಕಿ ಅನ್ನುವುದಿದೆ. ಅಪ್ಪನ ಟಿ.ಬಿ. ಮಾತ್ರೆಯ ಚೀಟಿಯ ಫೋಟೋ ಇದೆ. ಅಕ್ಕ ಗಂಡನ ಮನೆಯಿಂದ ಅಳುತ್ತಾ ಕಳಿಸಿದ ಮಾತುಗಳಿವೆ. ಜಾತಿ ಪ್ರಮಾಣಪತ್ರ ಇದೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಒ.ಟಿ.ಪಿ. ಬರುವುದೂ ಅದಕ್ಕೇ. ನಾಳೆ ಎಲ್ಲಿ ಗಾರೆ ಕೆಲಸ, ಯಾವ ಕ್ವಾರಿಯಲ್ಲಿ ಕೂಲಿ ಅಂತ ಮೇಸ್ತ್ರಿ ಕರೆಯುವುದೂ ಅದಕ್ಕೇ. ಪೇದೆ ಆ ಫೋನನ್ನು ಎತ್ತಿಕೊಂಡು ಹೋದರೆ ಒಬ್ಬ ಹುಡುಗನ ಆಟದ ಸಾಮಾನು ಹೋದಂತಲ್ಲ. ಒಂದು ಮನೆಯ ಕೂಲಿ ಹೋಯಿತು, ವಿದ್ಯಾರ್ಥಿವೇತನ ಹೋಯಿತು, ಅಕ್ಕನ ಮಾನವೂ ಸ್ಟೇಷನ್ನಿನ ಮೇಜಿನ ಮೇಲೆ ಹೋಗಿ ಕೂತಿತು.

*

ಇಲ್ಲಿ ನಮ್ಮ ಗೆಳೆಯರೇ ಕೆಲವರು ಒಂದು ಮಾತು ಕೇಳುತ್ತಾರೆ. ಖಾಸಗಿತನ ಅನ್ನೋದು ನಗರದ ಇಂಗ್ಲಿಷು ಕಲಿತವರ ತಕರಾರಲ್ಲವೇ? ಒಂದಂಕಣದ ಮನೆಯಲ್ಲಿ ಆರು ಜನ ಮಲಗುವವರಿಗೆ, ಬಯಲಿಗೆ ಹೋಗಬೇಕಾದ ಹೆಂಗಸರಿಗೆ ಎಲ್ಲಿಯ ಖಾಸಗಿತನ? ಮೊದಲು ಭೂಮಿ, ಮೊದಲು ಅನ್ನ, ಆಮೇಲೆ ಇದು.

ಈ ಮಾತಿನಲ್ಲಿ ನೋವಿದೆ. ಆದರೆ ಇದನ್ನು ಒಪ್ಪಿದರೆ ನಾವು ಮೋಸಹೋದಂತೆ. ನಮಗೆ ಖಾಸಗಿತನ ಇಲ್ಲದ್ದು ಅದು ಬೇಡವಾಗಿದ್ದಕ್ಕಲ್ಲ. ಅದನ್ನು ನಮ್ಮಿಂದ ಕಿತ್ತುಕೊಂಡಿದ್ದರು. ಊರಿನ ಯಾರು ಬೇಕಾದರೂ ಯಾವ ಹೊತ್ತಿನಲ್ಲಾದರೂ ಕೇರಿಗೆ ಬಂದು ಬಾಗಿಲಲ್ಲಿ ನಿಂತು ಏಕವಚನದಲ್ಲಿ ಕೂಗಬಹುದಿತ್ತು. ನಾವು ಮಾತ್ರ ಅವರ ಹಟ್ಟಿಯ ಹೊರಗೆ ನಿಂತು "ಬುದ್ಧೀ" ಅನ್ನಬೇಕಿತ್ತು. ನಮ್ಮ ಮಡಕೆಯಲ್ಲಿ ಏನು ಬೇಯುತ್ತಿದೆ, ನಮ್ಮ ಹೆಂಗಸರು ಏನು ಉಟ್ಟಿದ್ದಾರೆ, ನಮ್ಮ ಮಕ್ಕಳಿಗೆ ಏನು ಹೆಸರಿಟ್ಟಿದ್ದೇವೆ ಅನ್ನುವುದೆಲ್ಲ ಊರಿನ ವಿಚಾರಣೆಗೆ ಒಳಪಟ್ಟಿತ್ತು. ಅವರ ಮನೆಗೆ ಹೊಸ್ತಿಲಿತ್ತು, ನಮಗೆ ಅದನ್ನು ದಾಟುವ ಹಕ್ಕಿರಲಿಲ್ಲ. ನಮ್ಮ ಮನೆಗೂ ಹೊಸ್ತಿಲಿತ್ತು, ಅದು ಅವರ ಕಣ್ಣಿಗೆ ಬೀಳಲೇ ಇಲ್ಲ. ಅಸ್ಪೃಶ್ಯತೆ ಅಂದರೆ ಮುಟ್ಟದೇ ಇರುವುದು ಮಾತ್ರ ಅಲ್ಲ. ನಮ್ಮದು ಅನ್ನುವ ಯಾವುದಕ್ಕೂ ಬೇಲಿ ಇಲ್ಲದಂತೆ ನೋಡಿಕೊಳ್ಳುವುದೂ ಅದರ ಕೆಲಸವೇ.

ಬಾಬಾಸಾಹೇಬರ ಬದುಕನ್ನೇ ನೋಡಿ. 1917ರಲ್ಲಿ ಅವರು ಪರದೇಶದಲ್ಲಿ ಓದಿಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದರು. ಇಳಿದುಕೊಳ್ಳಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಹೇಳಿಕೊಂಡು ಉಳಿದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದ ಗುಂಪು ಕೋಣೆಗೇ ಬಂದು ನೀನು ಯಾರು ಅಂತ ಕೇಳಿತು. ಸಂಜೆಯೊಳಗೆ ಅವರು ಹೊರಬೀಳಬೇಕಾಯಿತು. ಅವರು ಬಚ್ಚಿಟ್ಟದ್ದು ತಪ್ಪನ್ನೇ? ತಲೆಯ ಮೇಲೆ ಒಂದು ಸೂರು ಬೇಕು ಅನ್ನುವ ಮನುಷ್ಯನೊಬ್ಬ ತನ್ನ ಜಾತಿಯನ್ನು ಬಚ್ಚಿಟ್ಟ, ಅಷ್ಟೆ. ತಪ್ಪು ಮಾಡದವನು ಯಾಕೆ ಮುಚ್ಚಿಡಬೇಕು ಅಂತ ಕೇಳುವವರು ಆ ಹನ್ನೊಂದು ದಿನಕ್ಕೆ ಉತ್ತರ ಕೊಡಲಿ.

ಇವತ್ತೂ ನಮ್ಮ ಹುಡುಗರು ಬೆಂಗಳೂರಿನಲ್ಲಿ ರೂಮು ಹುಡುಕುವಾಗ ಅದೇ ಹನ್ನೊಂದು ದಿನಗಳನ್ನು ಬದುಕುತ್ತಿದ್ದಾರೆ. ತರಗತಿಯಲ್ಲಿ ತನ್ನ ಜಾತಿ ಹೇಳಿಕೊಳ್ಳದ ಹುಡುಗನ ಫೋನನ್ನು ಎಲ್ಲರೆದುರು ತೆರೆದರೆ ಮೊದಲು ಬೀಳುವುದು ಏನು? ಪರದೆಯ ಮೇಲಿನ ಅಂಬೇಡ್ಕರ್ ಚಿತ್ರ, ಜಾತಿ ಪ್ರಮಾಣಪತ್ರ, ಕೇರಿಯ ಹುಡುಗರ ಗುಂಪಿನ ಹೆಸರು. ಪೇದೆ ಹುಡುಕುತ್ತಿದ್ದದ್ದು ಗಾಂಜಾವನ್ನೇ ಇರಬಹುದು. ತರಗತಿಗೆ ಸಿಕ್ಕಿದ್ದು ಇವನ ಜಾತಿ.

ಗುಟ್ಟು ಬೇರೆ, ಮಾನ ಬೇರೆ. ಗುಟ್ಟು ಬಯಲಾದರೆ ಕೆಲವೊಮ್ಮೆ ಲೋಕಕ್ಕೆ ಒಳ್ಳೆಯದಾಗುತ್ತದೆ. ಲಂಚದ ಗುಟ್ಟು, ಹಾದರದ ಮಠಗಳ ಗುಟ್ಟು ಬಯಲಾಗಲೇಬೇಕು. ಮಾನ ಹಾಗಲ್ಲ. ನನ್ನದನ್ನು ಯಾರಿಗೆ ಯಾವಾಗ ಹೇಳಬೇಕು ಅನ್ನುವ ತೀರ್ಮಾನ ನನ್ನ ಕೈಲಿರುವುದೇ ಮಾನ. ಬಟ್ಟೆಯೊಳಗಿನ ಮೈ ಯಾವ ಅಪರಾಧವನ್ನೂ ಮಾಡಿಲ್ಲ, ಆದರೂ ನಾವು ಬಟ್ಟೆ ಉಡುತ್ತೇವೆ.

ಮಾನದ ಜೊತೆಗೆ ಪ್ರಾಣವೂ ಇದೆ. 2020ರ ಅಕ್ಟೋಬರಿನಲ್ಲಿ ಮಾಗಡಿ ತಾಲ್ಲೂಕಿನಲ್ಲಿ ದಲಿತ ಹುಡುಗನನ್ನು ಪ್ರೀತಿಸಿದಳು ಅನ್ನುವ ಕಾರಣಕ್ಕೆ ಮಗಳನ್ನು ಕೊಂದ ಆರೋಪದ ಮೇಲೆ ತಂದೆಯನ್ನೇ ಪೊಲೀಸರು ಬಂಧಿಸಿದರು. ಇಂಥ ನೆಲದಲ್ಲಿ ಒಂದು ಹುಡುಗಿ ಒಂದು ಹುಡುಗನಿಗೆ ಕಳಿಸಿದ ನಾಲ್ಕು ಸಾಲು ಹೊರಗೆ ಬಿದ್ದರೆ ಏನಾಗುತ್ತದೆ ಅಂತ ನಾವು ಬಿಡಿಸಿ ಹೇಳಬೇಕೆ? ಪೇದೆ ಓದಿದ್ದು ಹೆಡ್‌ಮಾಸ್ತರಿಗೆ, ಹೆಡ್‌ಮಾಸ್ತರು ಕೇಳಿದ್ದು ಊರ ಯಜಮಾನರಿಗೆ, ಅಲ್ಲಿಂದ ಹುಡುಗಿಯ ಮನೆಗೆ. ಒಂದು ಸಂಜೆ ಸಾಕು.

*

ಈ ಹಕ್ಕು ಯಾರ ತಲೆಯಲ್ಲಿ ಮೊದಲು ಮೂಡಿತು ಅನ್ನುವುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು. 1947ರಲ್ಲಿ ಮೂಲಭೂತ ಹಕ್ಕುಗಳ ಉಪಸಮಿತಿಗೆ ಕೊಟ್ಟ ಕರಡಿನಲ್ಲಿ ಅಂಬೇಡ್ಕರರು ಒಂದು ಮಾತು ಸೇರಿಸಿದ್ದರು. ಜನರ ಮೈ, ಮನೆ, ಕಾಗದಪತ್ರ, ವಸ್ತುಗಳನ್ನು ಸರಿಯಾದ ಕಾರಣವಿಲ್ಲದೆ ಶೋಧಿಸಬಾರದು, ವಶಪಡಿಸಿಕೊಳ್ಳಬಾರದು ಅನ್ನುವುದು ಅದರ ತಾತ್ಪರ್ಯ. ಕೆ.ಎಂ. ಮುನ್ಶಿಯವರ ಕರಡಿನಲ್ಲೂ ಇಂಥದೇ ಮಾತಿತ್ತು. ಪೊಲೀಸರ ತನಿಖೆಗೆ ತೊಡಕಾಗುತ್ತದೆ ಅನ್ನುವಂಥ ಆಕ್ಷೇಪಗಳು ಬಂದವು, ಮಾತು ಬಿದ್ದುಹೋಯಿತು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅದನ್ನೇ ಮತ್ತೆ ತಿದ್ದುಪಡಿಯಾಗಿ ತಂದರು. ಇದು ಈಗಾಗಲೇ ಅಪರಾಧ ಪ್ರಕ್ರಿಯಾ ಸಂಹಿತೆಯಲ್ಲಿದೆ, ಆದರೂ ಶಾಸನಸಭೆಗಳ ಕೈಗೆ ಸಿಗದ ಎತ್ತರದಲ್ಲಿ ಇಡುವುದು ಒಳ್ಳೆಯದೇ ಅನ್ನುವ ಅರ್ಥದಲ್ಲಿ ಅಂಬೇಡ್ಕರರು ಅದನ್ನು ಒಪ್ಪಿಕೊಂಡರು. ಸಭೆ ಒಪ್ಪಲಿಲ್ಲ. ಮತಕ್ಕೆ ಹಾಕಿದಾಗ ತಿದ್ದುಪಡಿ ಸೋತಿತು.

ಸೋತದ್ದರ ಫಲ ಬೇಗನೇ ಬಂತು. 1954ರಲ್ಲಿ ಎಂ.ಪಿ. ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸಂವಿಧಾನ ಕಟ್ಟಿದವರು ಇಂಥ ಹಕ್ಕನ್ನು ಕೊಟ್ಟಿಲ್ಲ ಅಂದಿತು. ಆಮೇಲೆ ಖರಕ್ ಸಿಂಗ್ ಬಂದ. ಉತ್ತರ ಪ್ರದೇಶದ ಈ ಮನುಷ್ಯನನ್ನು ದರೋಡೆ ಕೇಸಿನಲ್ಲಿ ಹಿಡಿದು ಸಾಕ್ಷಿಯಿಲ್ಲವೆಂದು ಬಿಟ್ಟಿದ್ದರು. ಬಿಟ್ಟಮೇಲೂ ಅವನ ಹೆಸರಿನಲ್ಲಿ ಹಿಸ್ಟರಿ ಶೀಟು ತೆರೆದು ರಾತ್ರಿ ಹೊತ್ತು ಬಾಗಿಲು ಬಡಿಯುತ್ತಿದ್ದರು. 1962ರ ಡಿಸೆಂಬರಿನಲ್ಲಿ ಕೋರ್ಟು ರಾತ್ರಿ ಬಾಗಿಲು ಬಡಿಯುವುದನ್ನು ನಿಲ್ಲಿಸಿತು, ಖಾಸಗಿತನ ಹಕ್ಕಲ್ಲ ಅಂತಲೂ ಹೇಳಿತು. ನ್ಯಾಯಮೂರ್ತಿ ಸುಬ್ಬರಾವ್ ಭಿನ್ನಮತ ಬರೆದರು. ಅಂತೂ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಂದೇ ದನಿಯಲ್ಲಿ ಖಾಸಗಿತನ ಮೂಲಭೂತ ಹಕ್ಕು, ಬದುಕಿನ ಮತ್ತು ಘನತೆಯ ಭಾಗ ಅಂದರು. ಆ ಮೊಕದ್ದಮೆ ಹೂಡಿದ್ದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಕೋರ್ಟಿಗೆ ಹೋದ ಅವರು 2024ರಲ್ಲಿ ತೀರಿಕೊಂಡರು. ಅಂಬೇಡ್ಕರರು ಕೇಳಿದ್ದ ಮಾತಿಗೆ ನ್ಯಾಯ ಸಿಗಲು ಎಪ್ಪತ್ತು ವರ್ಷ ಬೇಕಾಯಿತು. ಅದು ಹೈಸ್ಕೂಲಿನ ಗೇಟಿಗೆ ತಲುಪಲು ಇನ್ನೆಷ್ಟು ವರ್ಷ ಬೇಕು?

ಈ ಹಕ್ಕು ಇಲ್ಲದಿದ್ದಾಗ ಹೊಡೆತ ತಿಂದವರು ಯಾರು? ಬ್ರಿಟಿಷರು 1871ರಲ್ಲಿ ತಂದ ಕಾನೂನು ಕೆಲವು ಬುಡಕಟ್ಟುಗಳನ್ನು ಹುಟ್ಟಿನಿಂದಲೇ ಕಳ್ಳರು ಅಂದಿತು. 1952ರಲ್ಲಿ ಅದು ರದ್ದಾಯಿತು, ರೂಢಿಗತ ಅಪರಾಧಿಗಳ ಕಾನೂನು ಅಂತ ಬೇರೆ ಅಂಗಿ ತೊಟ್ಟು ತಿರುಗಿ ಬಂತು. ಹಿಂದುಳಿದ, ಬಡ ಸಮುದಾಯದವರು ಅನ್ನುವ ಒಂದೇ ಕಾರಣಕ್ಕೆ ನಿರಪರಾಧಿಗಳ ಹೆಸರನ್ನು ಹಿಸ್ಟರಿ ಶೀಟಿಗೆ ಸೇರಿಸಬೇಡಿ ಅಂತ ಸುಪ್ರೀಂ ಕೋರ್ಟು 2024ರ ಮೇ ತಿಂಗಳಿನಲ್ಲಿಯೂ ಹೇಳಬೇಕಾಯಿತು. ಹೇಳಬೇಕಾಯಿತು ಅಂದರೆ ನಡೆಯುತ್ತಿತ್ತು ಅಂತಲೇ ಅರ್ಥ.

*

ಶಾಲೆಯೊಳಗೆ ಪೊಲೀಸು ಬಂದರೆ ಏನಾಗುತ್ತದೆ ಅನ್ನುವುದನ್ನು ನಮ್ಮ ನಾಡು ಬೀದರಿನಲ್ಲಿ ನೋಡಿದೆ. 2020ರ ಜನವರಿ 21ರಂದು ಶಾಹೀನ್ ಶಾಲೆಯ ಮಕ್ಕಳು ಪೌರತ್ವ ಕಾಯ್ದೆಯ ಬಗ್ಗೆ ಒಂದು ನಾಟಕ ಆಡಿದರು. ರಾಜದ್ರೋಹದ ಕೇಸು ಬಿತ್ತು. ಮುಖ್ಯಶಿಕ್ಷಕಿಯೊಬ್ಬರನ್ನೂ ಒಬ್ಬ ವಿದ್ಯಾರ್ಥಿನಿಯ ತಾಯಿಯನ್ನೂ ಬಂಧಿಸಿದರು. ಪೊಲೀಸರು ದಿನದಿನವೂ ಬಂದು ಮಕ್ಕಳನ್ನು ಪ್ರಶ್ನಿಸಿದರು. ಸಮವಸ್ತ್ರದಲ್ಲಿ, ಬಂದೂಕು ಇಟ್ಟುಕೊಂಡು ಮಕ್ಕಳನ್ನು ಪ್ರಶ್ನಿಸಿದ್ದು ಮಕ್ಕಳ ಕಾನೂನಿಗೆ ವಿರುದ್ಧವಾಗಿ ಕಾಣುತ್ತದೆ ಅಂತ ಹೈಕೋರ್ಟು 2021ರಲ್ಲಿ ಹೇಳಿತು. 2023ರ ಜೂನಿನಲ್ಲಿ ಕೇಸೇ ರದ್ದಾಯಿತು. ಕೇಸು ರದ್ದಾದದ್ದು ಕಾಗದದ ಮೇಲೆ. ಆ ಮಕ್ಕಳ ಎದೆಯಲ್ಲಿ ಕೂತ ಖಾಕಿಯನ್ನು ಯಾವ ಕೋರ್ಟು ರದ್ದು ಮಾಡುತ್ತದೆ?

ಪಕ್ಕದ ಹೈದರಾಬಾದಿನಲ್ಲಿ 2021ರ ಅಕ್ಟೋಬರಿನಲ್ಲಿ ಪೊಲೀಸರು ರಸ್ತೆಯಲ್ಲಿ ಹೋಗುವವರನ್ನು ತಡೆದು, ಫೋನು ಇಸಿದುಕೊಂಡು, ವಾಟ್ಸಾಪಿನಲ್ಲಿ ಗಾಂಜಾ ಅನ್ನುವ ಪದ ಹುಡುಕುತ್ತಿದ್ದ ದೃಶ್ಯಗಳು ಹರಿದಾಡಿದವು. ಬೆಂಗಳೂರಿನಲ್ಲಿ 2022ರ ನವೆಂಬರಿನಲ್ಲಿ ಖಾಸಗಿ ಶಾಲೆಗಳೇ ಮಕ್ಕಳ ಬ್ಯಾಗು ತೆರೆಸಿದವು. ಫೋನು ಹುಡುಕಲು ಹೋದವರಿಗೆ ಸಿಗರೇಟು, ಕಾಂಡೋಮು ಸಿಕ್ಕವು. ಸಿಕ್ಕ ಸಾಮಾನಿನ ಪಟ್ಟಿ ಅದೇ ವಾರ ಟೀವಿಯಲ್ಲಿ ಬಂತು. ಮಕ್ಕಳಿಗೆ ತಿಳಿಹೇಳಬೇಕು ಅನ್ನುವ ಮಾತು ಪಟ್ಟಿಯ ಗದ್ದಲದಲ್ಲಿ ಮುಳುಗಿಹೋಯಿತು. ಹುಡುಕುವವನು ತಾನು ಹುಡುಕಿದ್ದಕ್ಕೆ ನಿಲ್ಲುವುದಿಲ್ಲ, ಕಂಡದ್ದನ್ನೆಲ್ಲ ಹೇಳುತ್ತಾನೆ. ಬ್ಯಾಗಿನಲ್ಲಿ ಹತ್ತು ಸಾಮಾನು ಇದ್ದರೆ ಫೋನಿನಲ್ಲಿ ಹತ್ತು ವರ್ಷದ ಬದುಕು ಇರುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟು 1985ರಲ್ಲಿ ಶಾಲಾ ಹುಡುಗಿಯೊಬ್ಬಳ ಕೈಚೀಲದ ಪ್ರಕರಣದಲ್ಲಿ, ಸಕಾರಣವಾದ ಅನುಮಾನವಿದ್ದರೆ ಶಿಕ್ಷಕರು ವಾರಂಟಿಲ್ಲದೆ ನೋಡಬಹುದು ಅಂದಿತ್ತು. ಅದೇ ಕೋರ್ಟು 2014ರಲ್ಲಿ, ಬಂಧಿಸಿದ ಮನುಷ್ಯನ ಫೋನನ್ನೂ ಪೊಲೀಸರು ವಾರಂಟಿಲ್ಲದೆ ನೋಡುವಂತಿಲ್ಲ ಅಂದಿತು. ಕೈಚೀಲ ಬೇರೆ, ಫೋನು ಬೇರೆ ಅನ್ನುವುದು ಅವರಿಗೂ ತಿಳಿಯಿತು.

*

ನಮ್ಮ ಕಾನೂನು ಏನು ಹೇಳುತ್ತದೆ? ಪೊಲೀಸರು ಫೋನು ಮುಟ್ಟಲೇಬಾರದು ಅಂತ ಎಲ್ಲೂ ಇಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವರಿಗೆ ಫೋನು ತರಿಸಿಕೊಳ್ಳುವ, ವಶಪಡಿಸಿಕೊಳ್ಳುವ ಅಧಿಕಾರ ಕೊಟ್ಟಿದೆ. ಆದರೆ ಜೊತೆಗೇ ಕಟ್ಟುಪಾಡನ್ನೂ ಇಟ್ಟಿದೆ. ವಾರಂಟಿಲ್ಲದೆ ಶೋಧಿಸಬೇಕಾದರೆ ಯಾಕೆ, ಏನನ್ನು ಅಂತ ಅಧಿಕಾರಿ ಮೊದಲು ಬರೆದಿಡಬೇಕು. ಅದರ ಪ್ರತಿ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. 105ನೇ ಕಲಮಿನ ಪ್ರಕಾರ ಶೋಧನೆ ಮತ್ತು ವಶಪಡಿಸಿಕೊಳ್ಳುವುದನ್ನು ವಿಡಿಯೋ ಮಾಡಲೇಬೇಕು. ಅಂದ್ರೆ ಹುಡುಗನ ಫೋನು ತೆರೆಯುವ ಮೊದಲು ಪೊಲೀಸರ ಫೋನು ಆನ್ ಆಗಿರಬೇಕು. ಹದಿನೈದು ತುಂಬದ ಹುಡುಗನನ್ನಾಗಲೀ ಯಾವ ಹೆಣ್ಣನ್ನಾಗಲೀ ಸಾಕ್ಷಿ ವಿಚಾರಣೆಗೆಂದು ಮನೆ ಬಿಟ್ಟು ಬೇರೆ ಕಡೆ ಬಾ ಅನ್ನುವಂತಿಲ್ಲ.

ಹದಿನೆಂಟರ ಒಳಗಿನವರಿಗೆ 2015ರ ಬಾಲನ್ಯಾಯ ಕಾಯ್ದೆ ಇದೆ. ಮಗುವಿನ ಖಾಸಗಿತನ, ಗೋಪ್ಯತೆ ಅದರ ಮೂಲತತ್ವಗಳಲ್ಲಿ ಒಂದು. ಸ್ಟೇಷನ್ನಿಗೊಬ್ಬ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಅವರು ಸಾದಾ ಉಡುಪಿನಲ್ಲಿ ಮಕ್ಕಳ ಜೊತೆ ಮಾತಾಡಬೇಕು. ಮಗುವಿನ ಗುರುತು ಪತ್ರಿಕೆಯಲ್ಲಿ ಬರುವಂತಿಲ್ಲ.

ಫೋನಿನ ಬಗ್ಗೆಯೇ ನಮ್ಮ ಹೈಕೋರ್ಟು 2021ರ ಮಾರ್ಚಿನಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಮಾತಾಡಿದೆ. ಆರೋಪಿ ಲಾಕು ಬಿಚ್ಚದಿದ್ದರೆ ಕೋರ್ಟಿನಿಂದ ಶೋಧನಾ ವಾರಂಟು ತರಬೇಕು, ತುರ್ತಿದ್ದರೆ ಕಾರಣ ಬರೆದಿಡಬೇಕು, ಸಿಕ್ಕ ಖಾಸಗಿ ವಿಷಯವನ್ನು ಕೋರ್ಟಿನ ಅನುಮತಿ ಇಲ್ಲದೆ ಬೇರೆಯವರಿಗೆ ಕೊಡಬಾರದು ಅಂದಿತು. ಪಾಸ್‌ವರ್ಡು ಹೇಳುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತಲೂ ಅಂದಿತು. ಆ ಕೊನೆಯ ಮಾತನ್ನು ನಾವು ಒಪ್ಪಲಾರೆವು. ಮನಸ್ಸಿನಲ್ಲಿರುವ ಪದವನ್ನು ಬಾಯಿಬಿಡಿಸುವುದು ಬಾಯಿಬಿಡಿಸುವುದೇ. ದಿಲ್ಲಿಯ ವಿಶೇಷ ನ್ಯಾಯಾಲಯವೊಂದು 2022ರಲ್ಲಿ ಬೇರೆ ದಾರಿ ಹಿಡಿದಿದೆ. ಆದರೂ ಆ ತೀರ್ಪು ಹೇಳಿದಷ್ಟನ್ನಾದರೂ ನಮ್ಮ ಸ್ಟೇಷನ್ನುಗಳು ಮಾಡಿದರೆ ಹೈಸ್ಕೂಲಿನ ವರಾಂಡದಲ್ಲಿ ನಡೆಯುವ ಶೋಧನೆಗೆ ಜಾಗವೇ ಇರುವುದಿಲ್ಲ.

*

"ಅವನೇ ಕೊಟ್ಟ ಕಣ್ರೀ, ನಾವೇನು ಕಿತ್ಕೊಂಡ್ವಾ?" ಅನ್ನುತ್ತಾರೆ. ಎಲ್ಲ ಕಾನೂನನ್ನೂ ಒಂದೇ ಏಟಿಗೆ ಉರುಳಿಸುವ ಮಾತು ಇದು. ಇದನ್ನು ಸ್ವಲ್ಪ ನಿಂತು ನೋಡಬೇಕು.

ಒಂದು ಕಡೆ ಎಸ್ಸೈ, ಪಕ್ಕದಲ್ಲಿ ಹೆಡ್‌ಮಾಸ್ತರು, ನಡುವೆ ಹದಿನಾಲ್ಕು ವರ್ಷದ ಹುಡುಗ. ಅಪ್ಪ ಕ್ವಾರಿಯಲ್ಲಿ, ಅವ್ವ ರೇಷ್ಮೆ ಬಿಚ್ಚುವ ಬಟ್ಟಲ ಮುಂದೆ. ಈ ಹುಡುಗ ಹೆಬ್ಬೆರಳು ಒತ್ತಿ ಲಾಕು ತೆಗೆದರೆ ಅದು ಒಪ್ಪಿಗೆಯೇ? ನಮ್ಮ ತಾತಂದಿರೂ ಹೆಬ್ಬೆಟ್ಟು ಒತ್ತಿದ್ದರು, ಜೀತದ ಪತ್ರದ ಮೇಲೆ. ಧಣಿಗಳು ಆಗಲೂ ಹೇಳುತ್ತಿದ್ದದ್ದು ಅದೇ ಮಾತು: ಅವನೇ ಒಪ್ಪಿ ಬಂದ, ನಾವೇನು ಹಗ್ಗ ಕಟ್ಟಿ ಎಳೆತಂದೆವಾ? 1976ರ ಜೀತಪದ್ಧತಿ ರದ್ದತಿ ಕಾಯ್ದೆ ಆ ಒಪ್ಪಿಗೆಯನ್ನು ಕಸದ ಬುಟ್ಟಿಗೆ ಹಾಕಿತು. 1982ರಲ್ಲಿ ಏಷ್ಯಾಡ್ ಕ್ರೀಡಾಕೂಟದ ಕಾರ್ಮಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಹಸಿವಿನಿಂದ ಒಪ್ಪಿದ್ದೂ ಬಲವಂತವೇ ಅಂದಿತು. ಹಸಿವು ಬಲವಂತ ಅನ್ನುವುದಾದರೆ ಖಾಕಿ ಬಲವಂತ ಅಲ್ಲವೇ? ಬೇಡ ಅನ್ನುವ ಧೈರ್ಯ ಇದ್ದವನ ಹೂಂ ಮಾತ್ರ ಒಪ್ಪಿಗೆ. ಬೇಡ ಅಂದರೆ ಏಟು ಬೀಳುತ್ತದೆ, ಟಿ.ಸಿ. ಕೈಗೆ ಬರುತ್ತದೆ ಅಂತ 'ಹೂಂ' ಅಂದರೆ ಅದು ಹೆಬ್ಬೆಟ್ಟಿನ ಗುರುತು ಮಾತ್ರ.

*

ಎದುರು ಮಾತನ್ನೂ ಕೇಳೋಣ. ಫೋನಿನಿಂದಲೇ ನಮ್ಮ ಹೆಣ್ಣುಮಕ್ಕಳ ಬದುಕು ಹಾಳಾಗುತ್ತಿಲ್ಲವೇ? ಹುಡುಗಿಯ ಫೋಟೋ ತೆಗೆದು ಹೆದರಿಸುವವರಿಲ್ಲವೇ? ಗಾಂಜಾ ಚೀಟಿ ಕೇರಿಯ ಹುಡುಗರ ಕೈಗೂ ಬರುತ್ತಿಲ್ಲವೇ? ಇವೆಲ್ಲ ಇವೆ. ಇವನ್ನು ಇಲ್ಲ ಅನ್ನುವವನು ನಮ್ಮ ಅಕ್ಕತಂಗಿಯರ ಕಣ್ಣೀರನ್ನು ಇಲ್ಲ ಅಂದಂತೆ. ಹೆದರಿಸಿದವನ ಫೋನನ್ನು ಪೊಲೀಸರು ಹಿಡಿಯಲೇಬೇಕು, ಪ್ರಯೋಗಾಲಯಕ್ಕೆ ಕಳಿಸಲೇಬೇಕು. ದಲಿತ ಹುಡುಗಿ ದೂರು ಕೊಟ್ಟಾಗ ಫೋನು ಹಿಡಿಯದೆ ರಾಜಿ ಮಾಡಿಸುವ ಸ್ಟೇಷನ್ನುಗಳ ಬಗ್ಗೆ ನಮ್ಮ ಸಿಟ್ಟು ಇನ್ನೂ ಹೆಚ್ಚು.

ಆದರೆ ಹಿಡಿಯುವುದು ಹೇಗೆ ಅನ್ನುವುದೇ ಪ್ರಶ್ನೆ. 2023ರ ಜುಲೈನಲ್ಲಿ ಉಡುಪಿಯ ಅರೆವೈದ್ಯಕೀಯ ಕಾಲೇಜೊಂದರ ಶೌಚಾಲಯದಲ್ಲಿ ಸಹಪಾಠಿಯನ್ನು ಚಿತ್ರಿಸಿದರು ಅಂತ ಮೂವರು ವಿದ್ಯಾರ್ಥಿನಿಯರ ಮೇಲೆ ದೂರು ಬಂತು. ಫೋನುಗಳನ್ನು ಪರೀಕ್ಷೆಗೆ ಕಳಿಸಿದರು. ಅಲ್ಲಿಯವರೆಗೆ ಸರಿ. ಪರೀಕ್ಷೆ ಮುಗಿಯುವ ಮೊದಲೇ ಆ ಫೋನುಗಳಲ್ಲಿ ಏನಿದೆ ಅಂತ ನಾಡಿಗೆ ನಾಡೇ ಮಾತಾಡಿತು, ಆರೋಪ ಹೊತ್ತವರ ಧರ್ಮವೇ ಸುದ್ದಿಯಾಯಿತು. ಚಿತ್ರಕ್ಕೊಳಗಾದಳು ಎನ್ನಲಾದ ಹುಡುಗಿಯ ಮಾನವೂ ಆ ಗದ್ದಲದಲ್ಲಿ ಹರಾಜಾಯಿತು. ಖಾಸಗಿತನ ಅನ್ನುವುದು ಆರೋಪಿಗೆ ಒಂದು, ನೊಂದವಳಿಗೆ ಇನ್ನೊಂದು ಅಂತ ಇಲ್ಲ. ಶಾಲೆಯ ವರಾಂಡದಲ್ಲಿ ಪೇದೆ ಫೋನು ಉಜ್ಜುತ್ತಾ ನಿಂತರೆ ಹುಡುಗಿಯ ಫೋಟೋವನ್ನು ಇನ್ನೂ ಹತ್ತು ಜನ ನೋಡುತ್ತಾರೆ. ಮುಚ್ಚಿ, ಮುದ್ರೆ ಹಾಕಿ, ರಸೀತಿ ಕೊಟ್ಟು ಒಯ್ದರೆ ಅವಳಿಗೂ ಒಳ್ಳೆಯದು, ಕೇಸಿಗೂ ಒಳ್ಳೆಯದು.

ಇನ್ನೊಂದು ಮಾತು. 2022ರಲ್ಲಿ ಮಾಗಡಿಯಿಂದ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆ ವಾಟ್ಸಾಪಿನಲ್ಲಿ ಸೋರಿದ ಪ್ರಕರಣ ಹೊರಬಿದ್ದಾಗ ಸಿಕ್ಕಿಬಿದ್ದವರಲ್ಲಿ ಶಾಲಾ ಸಿಬ್ಬಂದಿಯೇ ಇದ್ದರು. ಅದಾದಮೇಲೆ ಯಾವ ಊರಿನಲ್ಲಾದರೂ ಎಲ್ಲ ಸಿಬ್ಬಂದಿಯನ್ನು ಸಾಲಾಗಿ ನಿಲ್ಲಿಸಿ ಫೋನು ತೆಗೆಸುವ ಪದ್ಧತಿ ಬಂತೇ? ಬರಲಿಲ್ಲ, ಬರಲೂಬಾರದು. ಆದರೆ ಮಕ್ಕಳಲ್ಲಿ ಒಬ್ಬ ತಪ್ಪು ಮಾಡಿದರೆ ಇಡೀ ತರಗತಿಯ ಕಿಸೆ ತಡಕುತ್ತೇವೆ, ಅದರಲ್ಲೂ ಹಿಂದಿನ ಬೆಂಚಿನಿಂದ ಶುರುಮಾಡುತ್ತೇವೆ. ಹಿಂದಿನ ಬೆಂಚಿನಲ್ಲಿ ಯಾರು ಕೂರುತ್ತಾರೆ ಅನ್ನುವುದು ಎಲ್ಲ ಮೇಷ್ಟ್ರುಗಳಿಗೂ ಗೊತ್ತು.

*

ಆದ್ದರಿಂದ ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಮ್ಮುಗಳಿಗೆ ನಮ್ಮ ಮಾತು ಇದು. ನಮ್ಮ ಕೇರಿಯಿಂದ ಮೊದಲು ಡಿಗ್ರಿ ಮುಗಿಸಿದವರು ನಾವು. ನಮ್ಮನ್ನು ಇಲ್ಲಿಯವರೆಗೆ ತಂದದ್ದು ಒಬ್ಬಲ್ಲ ಒಬ್ಬ ಮೇಷ್ಟ್ರು. ಶಾಲೆಯಲ್ಲಿ ನೀವು ತಂದೆತಾಯಿಯ ಜಾಗದಲ್ಲಿ ಇದ್ದೀರಿ. ಯಾವ ತಾಯಿಯೂ ಪೊಲೀಸು ಬಂದಕೂಡಲೇ ಮಗನ ಕಿಸೆಗೆ ಕೈಹಾಕಿ ಕೊಡುವುದಿಲ್ಲ. ಯಾಕಪ್ಪಾ, ಏನಾಯ್ತು ಅಂತ ಕೇಳುತ್ತಾಳೆ. ನೀವೂ ಕೇಳಿ. ಯಾವ ಕೇಸು? ಬರಹದಲ್ಲಿ ಏನಿದೆ? ವಾರಂಟು ಎಲ್ಲಿ, ಇಲ್ಲದಿದ್ದರೆ ತುರ್ತಿನ ಕಾರಣ ಬರೆದಿದ್ದೀರಾ? ಮಕ್ಕಳ ಕಲ್ಯಾಣ ಅಧಿಕಾರಿ ಬಂದಿದ್ದಾರಾ? ವಿಡಿಯೋ ಆಗ್ತಿದೆಯಾ? ಹುಡುಗನ ಅಪ್ಪಅವ್ವ ಬರುವವರೆಗೆ ಕಾಯುತ್ತೀರಾ? ಫೋನು ಒಯ್ಯುವುದಾದರೆ ಮಹಜರು ಬರೆದು, ಪಂಚರ ರುಜು ಹಾಕಿಸಿ, ರಸೀತಿ ಕೊಡುತ್ತೀರಾ? ಯಾವಾಗ ವಾಪಸು ಕೊಡುತ್ತೀರಿ?

ಇದನ್ನು ಕೇಳಿದರೆ ತನಿಖೆಗೆ ಅಡ್ಡಿಮಾಡಿದಂತೆ ಆಗುವುದಿಲ್ಲ. ಕಾನೂನು ಅವರಿಗೆ ಹೇಳಿರುವುದನ್ನೇ ನೆನಪು ಮಾಡಿಕೊಟ್ಟಂತೆ. ಶಾಲೆಯ ನಿಯಮಕ್ಕಾಗಿ ನೀವೇ ಫೋನು ಇಸಿದುಕೊಂಡರೂ ಆಫ್ ಮಾಡಿಸಿ ಬೀರುವಿನಲ್ಲಿಡಿ, ಸಂಜೆ ವಾಪಸು ಕೊಡಿ. ತೆರೆದು ಓದಬೇಡಿ. ಫೋನು ತರಬಾರದು ಅನ್ನುವ ನಿಯಮ ಬೇರೆ, ಫೋನಿನೊಳಗೆ ಇಣುಕುವ ಅಧಿಕಾರ ಬೇರೆ.

ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಜಗಳಕ್ಕೆ ಹೋಗಬೇಡಿ, ಫೋನು ಎಸೆಯಬೇಡಿ, ಅಳಿಸಬೇಡಿ. "ಸಾರ್, ನಮ್ಮಪ್ಪ ಬರಲಿ, ಕಾಗದ ಕೊಡಿ" ಅಷ್ಟು ಹೇಳಿ. ಈ ಮಾತು ಹೇಳಿದ್ದಕ್ಕೆ ಏಟು ಬಿದ್ದರೆ ಆ ಏಟು ಒಬ್ಬನ ಬೆನ್ನಿನ ಮೇಲೆ ಉಳಿಯಬಾರದು. ಸಂಘಟನೆಗಳು ತಾಲ್ಲೂಕು ಕಚೇರಿಯ ಮುಂದೆ ಭೂಮಿಗೆ, ಹಾಸ್ಟೆಲಿಗೆ, ಸ್ಮಶಾನಕ್ಕೆ ಕೂತಂತೆ ಇದಕ್ಕೂ ಕೂರಬೇಕು. ಯಾಕಂದ್ರೆ ಇದೂ ಭೂಮಿಯ ಪ್ರಶ್ನೆಯೇ. ತನ್ನದು ಅನ್ನುವ ಒಂದು ಗೇಣು ಜಾಗ ಮನುಷ್ಯನಿಗೆ ಬೇಕು, ಅಲ್ಲಿಗೆ ಬರುವವರು ಬಾಗಿಲಲ್ಲಿ ನಿಂತು ಕೇಳಿ ಬರಬೇಕು.

ಒಂದಂಕಣದ ಮನೆಯಲ್ಲಿ ಆರು ಜನರ ನಡುವೆ ಮಲಗುವ ಹುಡುಗಿಗೆ ಕದವಿರುವ ಮೊದಲ ಕೋಣೆ ಆ ಫೋನು. ಅವಳ ಅವ್ವನಿಗೆ ಅಂಥ ಕೋಣೆ ಇರಲಿಲ್ಲ, ಅಜ್ಜಿಗೆ ಅಂಥದೊಂದು ಇರಬಹುದು ಅನ್ನುವುದೇ ಗೊತ್ತಿರಲಿಲ್ಲ. ಆ ಕದವನ್ನು ತಟ್ಟುವ ಅಧಿಕಾರ ಪ್ರಭುತ್ವಕ್ಕೆ ಇದೆ. ಒದೆಯುವ ಅಧಿಕಾರ ಇಲ್ಲ. ಇಷ್ಟನ್ನು ನಾವು ಬಿಟ್ಟುಕೊಟ್ಟರೆ ನಾಳೆ ನಮ್ಮ ಮಕ್ಕಳೂ ಕಳ್ಳ ಅನ್ನುವ ಕೂಗು ಕೇಳಿದಾಗಲೆಲ್ಲ ಹೆಗಲು ಮುಟ್ಟಿ ನೋಡಿಕೊಳ್ಳುತ್ತಲೇ ಇರುತ್ತಾರೆ. ಹೆಗಲ ಮೇಲಿನ ಬೂದಿಗೆ ಲೆಕ್ಕ ಕೊಡಬೇಕಾದವರು ಹೊತ್ತವರಲ್ಲ, ಹೊರಿಸಿದವರು.